ಬಂಡೆಯ ಮೇಲಿನ ಮೋಫುವಿನ ಮುಖ

ಚಿಂಗೋಮಾ ಗುಡ್ಡದ ಬುಡ
12 ಏಪ್ರಿಲ್ 1998

ಬಾಲ ಕಳೆದುಕೊಂಡ ಸೊಕೊ ಗಿಡಿಯೋನಿಗೆ,

ನೀನು ಚೆನ್ನಾಗಿದ್ದರೆ ನಾನೂ ಚೆನ್ನಾಗಿದ್ದೇನೆ. ಬುಲಾವಾಯೊದಲ್ಲಿ ಕೂತು ಪೇಟೆಯ ಬ್ರೆಡ್ಡು ತಿಂದು ತಿಂದು ನಿನ್ನ ಹಲ್ಲು ಎಷ್ಟು ಉಳಿದಿವೆಯೋ ಗೊತ್ತಿಲ್ಲ. ಆದರೂ ಬಸ್ಸಿನವನ ಕೈಯಲ್ಲಿ ಒಂದು ಚೀಲ ಕಡಲೆಕಾಯಿ ಕಳಿಸಿದ್ದೇನೆ. ನಿಮ್ಮದು ಮಂಗನ ಕುಲ, ಸಿಪ್ಪೆ ಸುಲಿಯುವುದನ್ನು ನಾನು ಹೇಳಿಕೊಡಬೇಕಾಗಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಗವಿಯ ಬಂಡೆಯ ಮೇಲೆ ಬಣ್ಣದಲ್ಲಿ ಬರೆದಿರುವ ನಮ್ಮ ಮೋಫುವಿನ, ನಮ್ಮ ಕುಲದ ಆ ದೊಡ್ಡ ಜಿಂಕೆಯ, ತಲೆ ಮಾಸುತ್ತಿದೆ. ಶನಿವಾರ ಶಾಲೆಯವರು ನೋಡಲು ಬರುತ್ತಾರೆಂದು ಎಂದಿನ ಹಾಗೆ ಬೆಳಗ್ಗೆಯೇ ಹೋಗಿ ಗುಡಿಸಿ, ತೊಳೆದು, ಎಲ್ಲ ಮುಗಿಸಿ ನೋಡುತ್ತೇನೆ, ಎಡಗಿವಿ ಇಲ್ಲ! ಕೊಂಬಿನ ಬುಡವೂ ಮಬ್ಬಾಗಿದೆ. ಮೈ, ಕಾಲು, ಬಾಲ ಎಲ್ಲ ಇದ್ದ ಹಾಗೇ ಇವೆ. ಬರೀ ತಲೆ ಹೋಗುತ್ತಿದೆ ಅಂದರೆ ಏನರ್ಥ? ಯಾರೋ ಬೇಕೆಂದೇ ತೆಗೆಯುತ್ತಿದ್ದಾರೆ. ಕೆಂಪು ಪುಡಿ ಕೆರೆದು ಔಷಧಿಗೆ ಮಾರುವವರು ಪಟ್ಟಣದ ಸಂತೆಯಲ್ಲಿ ಇದ್ದಾರಂತೆ. ಔಷಧಿಗೆ ತಲೆಯೇ ಬೇಕು, ಅಲ್ಲವೇ?

ಹೆಸರು ಹೇಳಿಬಿಡುತ್ತೇನೆ. ನನಗೆ ಅನುಮಾನ ನಿನ್ನ ಸೋದರಳಿಯ ಜೈರೋಸಿಯ ಮೇಲೆ. ಹೋಟೆಲಿನಿಂದ ವ್ಯಾನಿನಲ್ಲಿ ಬಿಳಿಯರನ್ನು ತುಂಬಿಕೊಂಡು ವಾರಕ್ಕೆ ಎರಡು ಸಲ ಬರುತ್ತಾನೆ. ಮೇಲಿನ ಕಲ್ಲುಗೋಡೆಯ ಬಾಗಿಲಲ್ಲಿ ನಿಂತು, ಚಪ್ಪಾಳೆ ತಟ್ಟಿ, ಹಿರಿಯರನ್ನು ಕೇಳಿ ಒಳಗೆ ಹೋಗಬೇಕೆಂಬ ಪದ್ಧತಿ ಅವನಿಗೆ ಗೊತ್ತಿಲ್ಲವೇ? ರಾಜರೇ ತಟ್ಟಿ ಒಳಗೆ ಹೋಗುತ್ತಿದ್ದ ಬಾಗಿಲು ಅದು. ಇವನು ಸಂತೆಗೆ ನುಗ್ಗಿದ ಹಾಗೆ ನುಗ್ಗುತ್ತಾನೆ. ಹೆಗಲಲ್ಲಿ ಯಾವಾಗಲೂ ಒಂದು ಚೀಲ. ಒಳಗೇನಿದೆ ಎಂದು ಕೇಳಿದರೆ ನಗುತ್ತಾನೆ.

ನೀನು ನಮ್ಮ ಸಾಹ್ವಿರಾ. ಅಜ್ಜಂದಿರ ಕಾಲದಿಂದ ನಮ್ಮ ಮನೆಯವರ ಗುಂಡಿ ತೋಡುವವರು ನೀವು, ನಮ್ಮ ಮುಖಕ್ಕೇ ಬೈದು ನಿಜ ಹೇಳುವವರೂ ನೀವು. ಅಳಿಯನಿಗೆ ಬುದ್ಧಿ ಹೇಳು.

ಚೆಂಗೆತಾಯಿ

*

ಬುಲಾವಾಯೊ
3 ಮೇ 1998

ಕೊಬ್ಬಿದ ಮೋಫು ಕುಲದ ಮುದಿ ಹಸು ಚೆಂಗೆತಾಯಿಗೆ,

ಮೋಫು ಕುಲದ ಹೆಣ್ಣುಮಗಳೇ, ಚಿಹೆರಾ, ನೀನು ಚೆನ್ನಾಗಿದ್ದರೆ ನಾನೂ ಚೆನ್ನಾಗಿದ್ದೇನೆ. ಕಡಲೆಕಾಯಿ ಬಂತು. ಅರ್ಧಕ್ಕರ್ಧ ಜೊಳ್ಳು. ನಿಮ್ಮ ಹೊಲದಲ್ಲಿ ಬೆಳೆಯುವುದೆಲ್ಲ ನಿನ್ನ ತಲೆಯ ಹಾಗೇ, ಹೊರಗೆ ಸಿಪ್ಪೆ, ಒಳಗೆ ಗಾಳಿ.

ಮೋಫುವಿನ ಕಿವಿ ಹೋಗಿಲ್ಲ, ನಿನ್ನ ಕಣ್ಣು ಹೋಗಿದೆ. ಒಂದು ಕನ್ನಡಕ ಕಳಿಸಲೇ? ಜೈರೋಸಿಯ ಚೀಲದಲ್ಲಿ ಬಿಸ್ಕತ್ತು, ಫ್ಲಾಸ್ಕು, ಬಿಳಿಯರ ಟೋಪಿ ಇರುತ್ತವೆ. ಅವನಿಗೆ ಕೆರೆಯಲು ಬರುವುದು ತನ್ನ ಗಡ್ಡ ಮಾತ್ರ, ಅದೂ ಸರಿಯಾಗಿ ಬರುವುದಿಲ್ಲ. ಚಪ್ಪಾಳೆಯ ವಿಷಯ ನಾನು ಹೇಳುತ್ತೇನೆ.

ಸ್ಮಾರಕಗಳ ಕಚೇರಿಯಲ್ಲಿ ನಕ್ಷೆ ಬರೆಯುತ್ತಿದ್ದಾಗ ನಾನು ಆ ಮೋಫುವಿನ ಮೇಲೆ ಹಾಳೆ ಹಿಡಿದು ತೆಗೆದುಕೊಂಡ ಪ್ರತಿಯ ಒಂದು ನಕಲು ಇಲ್ಲೇ ಕಪಾಟಿನಲ್ಲಿದೆ. ಹದಿನಾಲ್ಕು ವರ್ಷ ಹಿಂದಿನದು. ತೆಗೆದು ನೋಡುತ್ತೇನೆ. ನೀನು ಬರೆಯುವಷ್ಟೇನೂ ಆಗಿರಲಾರದು. ಆರು ಸಾವಿರ ವರ್ಷ ಇದ್ದದ್ದು ಒಂದು ಬೇಸಿಗೆಯಲ್ಲಿ ಹೋಗುತ್ತದೆಯೇ? ಸುಮ್ಮನೆ ಕಂಡವರನ್ನೆಲ್ಲ ಕಳ್ಳರು ಅನ್ನಬೇಡ.

ನೀನು ಸತ್ತ ದಿನ ನಿನ್ನ ಸೀರೆಯಂಥ ಆ ಹಳದಿ ಬಟ್ಟೆ ಸುತ್ತಿಕೊಂಡು, ನಿನ್ನ ಹಾಗೇ ಕುಂಟುತ್ತಾ ಬಂದು, "ಯಾರದು ಚಪ್ಪಾಳೆ ತಟ್ಟದೆ ಬಂದವ್ರು?" ಎಂದು ಕೂಗಿ ಅಳುವವರನ್ನೆಲ್ಲ ನಗಿಸುವವನು ನಾನೇ, ಸಾಹ್ವಿರಾನ ಕೆಲಸವೇ ಅದು. ಈಗಿನಿಂದಲೇ ಅಭ್ಯಾಸ ನಡೆದಿದೆ.

ಗಿಡಿಯೋನಿ

*

ಚಿಂಗೋಮಾ
24 ಮೇ 1998

ಸೊಕೊ,

ಕನ್ನಡಕ ನೀನೇ ಇಟ್ಟುಕೋ. ಬೆರಳಲ್ಲಿ ಅಳೆದು ನೋಡಿದ್ದೇನೆ. ಏಪ್ರಿಲಿನಲ್ಲಿ ಎರಡು ಬೆರಳು ಉದ್ದವಿದ್ದ ಮೂತಿ ಈಗ ಒಂದೂವರೆ ಇದೆ. ಹಣೆಯಿಂದ ಕೆಳಕ್ಕೆ ಬಿಳಿ ಪೊರೆಯಂಥದ್ದೂ ಕಟ್ಟಿದೆ. ಮುದುಕರ ಕಣ್ಣಿಗೆ ಪೊರೆ ಬರುವುದಿಲ್ಲವೇ, ಹಾಗೆ.

ಹೋದ ವಾರ ಜೈರೋಸಿಯನ್ನು ನಿಲ್ಲಿಸಿ ಕೇಳಿದೆ.

"ಏನೋ, ಚೀಲ ತೆಗಿ."

"ಯಾಕಮ್ಮ, ಪೊಲೀಸ್ ಕೆಲಸ ಸಿಕ್ತಾ ನಿಮಗೆ?"

"ಮೋಫು ತಲೆ ಎಲ್ಲಿಗೆ ಸಾಗಿಸ್ತಿದ್ದೀಯ?"

"ನಾನ್ಯಾಕೆ ಸಾಗಿಸ್ಲಿ? ಅದು ಇದ್ರೆ ತಾನೆ ನನ್ನ ಹೊಟ್ಟೆ ತುಂಬೋದು?"

ಮಾತು ಕೇಳಲು ಚೆನ್ನಾಗಿತ್ತು. ಚೆನ್ನಾಗಿತ್ತು ಎಂಬುದಕ್ಕೇ ನನಗೆ ಅನುಮಾನ ಇನ್ನೂ ಹೆಚ್ಚಾಯಿತು. ಕಳ್ಳನಲ್ಲದವನು ಇಷ್ಟು ಬೇಗ ಉತ್ತರ ಕೊಡುವುದಿಲ್ಲ, ತಡವರಿಸುತ್ತಾನೆ.

ಇನ್ನೊಂದು ಸುದ್ದಿ. ನಿನ್ನ ಹಳೆಯ ಕಚೇರಿಯಿಂದ ಒಬ್ಬ ಹೆಂಗಸು ಬಂದಿದ್ದಳು. ಬಂಡೆಯ ಮುಂದೆ ನಿಂತು ಒಂದು ತಾಸು ಬರೆದುಕೊಂಡಳು. ಚಹಾ ಮಾಡಿದೆ, ಕುಡಿಯಲಿಲ್ಲ. "ಮಳೆಗಾಲಕ್ಕೆ ಮುಂಚೆ ತೀರ್ಮಾನ ಮಾಡ್ತೀವಿ. ಹೀಗೇ ಹೋದ್ರೆ ಗುಡ್ಡಕ್ಕೆ ಬೇಲಿ ಹಾಕಿ ಮುಚ್ಚಬೇಕಾಗುತ್ತೆ, ಗವಿಯ ಬಾಗಿಲಿನ ಬೀಗದ ಕೈ ನಮಗೆ ಕೊಡಬೇಕಾಗುತ್ತೆ" ಎಂದಳು. ಬೀಗದ ಕೈ! ಅಪ್ಪ ಸಾಯುವಾಗ ಗಂಡುಮಕ್ಕಳಿಗೆ ದನ ಕೊಟ್ಟ, ನನಗೆ ಈ ಗುಡ್ಡ ಕೊಟ್ಟ. ಗಂಡನ ಮನೆಯಿಂದ ತಿರುಗಿ ಬಂದವಳಿಗೆ ಊರಲ್ಲಿ ಒಂದು ಜಾಗ, ಒಂದು ಮಾತು ಇದೆ ಅಂದರೆ ಅದು ಈ ಗುಡ್ಡದಿಂದ. ಅದು ಹೋದರೆ ನಾನು ತಮ್ಮನ ಮನೆಯ ಹಿತ್ತಲಲ್ಲಿ ಕೂತು ಕಾಳು ಕುಟ್ಟುವ ಮುದುಕಿ ಅಷ್ಟೇ.

ಈ ಮೋಫುವನ್ನು ಬರೆದವರು ನಮಗಿಂತ ಮುಂಚೆ ಇಲ್ಲಿ ಬೇಟೆಯಾಡುತ್ತಿದ್ದ ಗಿಡ್ಡ ಜನ ಎಂದು ನೀನೇ ಹೇಳಿದ್ದೆ. ಯಾರು ಬರೆದರೇನು? ನಾವು ಮೋಫುವಿನ ಮಾಂಸ ಮುಟ್ಟದವರು, ಅವನ ಹೆಸರಿನವರು. ನಮಗಿಂತ ಮುಂಚೆ ಬಂದು ನಮಗೆ ಜಾಗ ಹಿಡಿದಿಟ್ಟ ಹಿರಿಯ ಅವನು. ಅವನ ಮುಖ ನನ್ನ ಕಾಲದಲ್ಲಿ ಹೋಗಬಾರದು, ಸೊಕೊ.

ಚೆಂಗೆತಾಯಿ

*

ಬುಲಾವಾಯೊ
20 ಜೂನ್ 1998

ಚಾಡಿ ಚಿಹೆರಾಗೆ,

ನೀನು ಚೆನ್ನಾಗಿದ್ದರೆ ನಾನೂ ಚೆನ್ನಾಗಿದ್ದೇನೆ, ಬೆನ್ನುನೋವು ಒಂದನ್ನು ಬಿಟ್ಟು. ಹಳೆಯ ಪ್ರತಿ ತೆಗೆದು ನೋಡಿದೆ. ಅದರಲ್ಲಿ ಎರಡೂ ಕಿವಿ ಇವೆ, ಮೂತಿ ಇದೆ, ಕಣ್ಣಿನ ಜಾಗದಲ್ಲಿ ಚುಕ್ಕಿಯೂ ಇದೆ. ಹೋದದ್ದು ನಿಜವಾದರೆ ಬಹಳವೇ ಹೋಗಿದೆ.

ಜೈರೋಸಿ ಬಂದಿದ್ದ. ನಲವತ್ತು ವರ್ಷದ ಗಂಡಸು, ನನ್ನ ಹೆಂಡತಿಯ ಮುಂದೆ ಅತ್ತುಬಿಟ್ಟ. "ಮಾವ, ಊರೆಲ್ಲ ನನ್ನ ಕಳ್ಳ ಅಂತಿದೆ, ಹೋಟೆಲಿನವರೂ ಕೇಳ್ತಿದ್ದಾರೆ" ಎಂದ. ಅವನು ಕಳ್ಳನಾಗಿದ್ದರೆ ನಾನೇ ಎಳೆದುಕೊಂಡು ಬಂದು ನಿನ್ನ ಕಂಬಕ್ಕೆ ಕಟ್ಟುತ್ತಿದ್ದೆ. ಸ್ವಲ್ಪ ತಡೆ. ಬೇರೆ ಯಾರು ಯಾರು ಗವಿಗೆ ಹೋಗುತ್ತಾರೆ? ಬಿಳಿಬಟ್ಟೆಯ ಪ್ರಾರ್ಥನೆಯವರು? ಮೇಕೆ ಕಾಯುವವರು? ಒಬ್ಬೊಬ್ಬರೇ ಹೋಗುವವರು ಯಾರು?

ಗಿಡಿಯೋನಿ

*

ಚಿಂಗೋಮಾ
9 ಜುಲೈ 1998

ಸೊಕೊ,

ನೀನು ಪಟ್ಟಿ ಕೇಳುತ್ತಾ ಕೂತಿರು, ಇಲ್ಲಿ ಕೆಲಸ ಮುಗಿಯಿತು.

ಒಬ್ಬೊಬ್ಬರೇ ಯಾರೂ ಹೋಗುವುದಿಲ್ಲ. ನಾನು ಬೀಗ ತೆಗೆಯದಿದ್ದರೆ ಒಂದು ಇರುವೆಯೂ ಹೋಗುವುದಿಲ್ಲ. ಅದನ್ನೇ ಊರ ಮುಖ್ಯಸ್ಥನ ಮುಂದೆ ಹೇಳಿದೆ. ಜೈರೋಸಿಯನ್ನು ಕರೆಸಿದರು. ಮರದ ಕೆಳಗೆ ಊರೇ ಸೇರಿತ್ತು. ಅವನು ಎದ್ದು, "ಗವಿಯೊಳಗೆ ಏನಾಗುತ್ತೆ ಅಂತ ನೋಡ್ಬೇಕಿದ್ರೆ ಬೀಗದ ಕೈ ಇಟ್ಕೊಂಡವ್ರನ್ನೇ ಕೇಳಿ" ಎಂದ. ನೋಡಿದೆಯಾ ಧೈರ್ಯ! ನನ್ನ ಮೇಲೆಯೇ ತಿರುಗಿಸಿದ. ಜನ "ಹೋ" ಎಂದು ಕೂಗಿದರು. ಮುಖ್ಯಸ್ಥ ಕೈಯೆತ್ತಿ, ಅವನ ವ್ಯಾನು ಇನ್ನು ಗುಡ್ಡದ ದಾರಿ ಹಿಡಿಯಕೂಡದು ಎಂದ.

ಅವನ ಹೆಂಡತಿ ಹಿಂದೆ ಮಗು ಕಟ್ಟಿಕೊಂಡು ನಿಂತಿದ್ದಳು, ನನ್ನನ್ನೇ ನೋಡುತ್ತಿದ್ದಳು. ನನಗೂ ಮನಸ್ಸಿಗೆ ಚೆನ್ನಾಗಿರಲಿಲ್ಲ. ಆದರೆ ಮೋಫುವಿನ ಮುಖ ಮುಖ್ಯವೋ, ಅವರ ಮುಖ ನೋಡಿ ನಾನು ಕರಗುವುದು ಮುಖ್ಯವೋ? ಇನ್ನು ಉಳಿದಷ್ಟಾದರೂ ಉಳಿಯುತ್ತದೆ. ಕಚೇರಿಯವಳು ಬರಲಿ, ಕಳ್ಳನನ್ನು ಹಿಡಿದಿದ್ದೇನೆ ಎನ್ನುತ್ತೇನೆ.

ನೀನು ಸಾಹ್ವಿರಾ ಆಗಿ ನನ್ನ ಪರ ನಿಲ್ಲದೆ ಅಳಿಯನ ಪರ ನಿಂತೆ. ಇರಲಿ. ರಕ್ತ ನೀರಿಗಿಂತ ಗಟ್ಟಿ.

ಚೆಂಗೆತಾಯಿ

*

ಬುಲಾವಾಯೊ
30 ಜುಲೈ 1998

ಗೌರವಾನ್ವಿತ ಚೆಂಗೆತಾಯಿ ಅವರಿಗೆ,

ನೀವು ಚೆನ್ನಾಗಿದ್ದೀರೆಂದು ಭಾವಿಸುತ್ತೇನೆ. ನಿಮ್ಮ ಪತ್ರ ತಲುಪಿತು. ಊರಿನ ತೀರ್ಮಾನದ ಬಗ್ಗೆ ನಾನು ಏನೂ ಹೇಳುವುದಿಲ್ಲ.

ಕೆಲವು ವಿಷಯ ತಿಳಿದುಕೊಳ್ಳಬೇಕಿತ್ತು. ನೋಡಲು ಜನ ಬರುವ ದಿನ ನೀವು ಎಷ್ಟು ಹೊತ್ತಿಗೆ ಗವಿಗೆ ಹೋಗುತ್ತೀರಿ? ಅವರು ಬರುವ ಮುಂಚೆ ಬಂಡೆಯ ಹತ್ತಿರ ಏನು ಮಾಡುತ್ತೀರಿ? ಜೊತೆಗೆ ಏನು ಕೊಂಡೊಯ್ಯುತ್ತೀರಿ? ನೆನಪಾದದ್ದನ್ನು ಬರೆದು ತಿಳಿಸಿದರೆ ಉಪಕಾರವಾಗುತ್ತದೆ.

ಮನೆಯವರಿಗೆಲ್ಲ ನನ್ನ ನಮಸ್ಕಾರ.

ಗಿಡಿಯೋನಿ

*

ಚಿಂಗೋಮಾ
16 ಆಗಸ್ಟ್ 1998

ಗಿಡಿಯೋನಿ,

ನೀನು ಹೇಗಿದ್ದೀಯೋ ಗೊತ್ತಿಲ್ಲ. ಆದ್ದರಿಂದ ನಾನು ಹೇಗಿದ್ದೇನೆಂದೂ ಹೇಳಲಾರೆ.

"ಗೌರವಾನ್ವಿತ" ಎಂಬುದನ್ನು ಓದಿದ ಕೂಡಲೇ ಯಾರು ಸತ್ತರಪ್ಪಾ ಎಂದುಕೊಂಡೆ. ನನ್ನ ಗಂಡ ನನ್ನನ್ನು ಹೊರಗೆ ಹಾಕಿದ ದಿನವೂ ನೀನು ಬಂದು "ಆ ಕತ್ತೆಗೆ ಈ ಹಸು ಜಾಸ್ತಿಯಾಯ್ತು" ಎಂದು ನಗಿಸಿದವನು. ಅಪ್ಪನ ಹೆಣದ ಮುಂದೆಯೂ ನನ್ನನ್ನು ಬೈದವನು. ಈಗ ನಲವತ್ತು ವರ್ಷದಲ್ಲಿ ಮೊದಲ ಸಲ ನೀನು ನನ್ನನ್ನು ಬೈದಿಲ್ಲ. ಸಾಹ್ವಿರಾ ಬೈಯುವುದನ್ನು ನಿಲ್ಲಿಸಿದರೆ ಅವನ ಹೊಟ್ಟೆಯಲ್ಲಿ ಏನೋ ಕೊಳೆಯುತ್ತಿದೆ ಎಂದೇ ಅರ್ಥ.

ಏನು ಕೊಂಡೊಯ್ಯುತ್ತೀರಿ ಎಂದು ಕೇಳಿದ್ದೀಯ. ಚಾಕು ಕೊಂಡೊಯ್ಯುತ್ತೇನೆಯೇ ಎಂದು ನೇರವಾಗಿ ಕೇಳು! ನಾನೇ ಕೆರೆದು ಸಂತೆಯವರಿಗೆ ಕೊಡುತ್ತಿದ್ದೇನೆ ಎಂದು ಅಳಿಯ ಕಿವಿಯಲ್ಲಿ ಊದಿದನೇ? ಅಥವಾ ಕಚೇರಿಯವರು ನಿನ್ನನ್ನು ಕೈಗೆ ಹಾಕಿಕೊಂಡರೇ? ಬೀಗದ ಕೈ ಕಿತ್ತುಕೊಳ್ಳಲು ಅವರಿಗೊಂದು ನೆಪ ಬೇಕು, ಅದನ್ನು ನೀನು ಹೊಲಿದುಕೊಡುತ್ತಿದ್ದೀಯೋ ಏನೋ. ನಾನು ಗವಿಯಲ್ಲಿ ಮಾಡುವುದು ನನ್ನ ಮನೆಯಂಗಳದಲ್ಲಿ ಮಾಡುವುದನ್ನೇ. ಅದನ್ನೆಲ್ಲ ಯಾರಾದರೂ ಪತ್ರದಲ್ಲಿ ಬರೆಯುತ್ತಾರೆಯೇ?

ಬರೆಯಬಾರದೆಂದಿದ್ದೆ, ಆದರೂ ಬರೆಯುತ್ತೇನೆ. ಜೈರೋಸಿ ಬರುವುದು ನಿಂತು ಐದು ವಾರವಾಯಿತು. ಅವನ ಬದಲು ಬೇರೆ ಹೋಟೆಲಿನ ಜನ, ಚರ್ಚಿನ ಜನ, ಕಾಲೇಜಿನವರು ಬರುತ್ತಲೇ ಇದ್ದಾರೆ. ಯಾರನ್ನೂ ಬಂಡೆಯ ಹತ್ತಿರ ಬಿಟ್ಟಿಲ್ಲ. ಎಲ್ಲರ ಕೈ ನೋಡುತ್ತಾ ನಿಂತಿದ್ದೇನೆ. ಆದರೂ ಕಣ್ಣು ಹೋಯಿತು, ಗಿಡಿಯೋನಿ. ನಿನ್ನೆ ನೋಡಿದರೆ ಆ ಚುಕ್ಕಿ ಇಲ್ಲ.

ಹಾಗಾದರೆ ಯಾರು? ಈಗ ನನ್ನ ತಮ್ಮನ ಹೆಂಡತಿ ಗುಡ್ಡದ ಕಡೆ ನೋಡಿದರೂ ಯಾಕೆ ನೋಡಿದಳು ಎನಿಸುತ್ತದೆ.

ಚೆಂಗೆತಾಯಿ

*

ಚಿಂಗೋಮಾ
6 ಸೆಪ್ಟೆಂಬರ್ 1998

ಗಿಡಿಯೋನಿ,

ಮೂರು ಸಲ ಬಸ್ಸು ಬಂತು. ಮೂರು ಸಲವೂ ಡ್ರೈವರ್ ಕಿಟಕಿಯಿಂದ ಕೈಯಾಡಿಸಿ ಏನೂ ಇಲ್ಲ ಎಂದ. ಮುಂದಿನ ತಿಂಗಳು ಕಚೇರಿಯವಳು ಬರುತ್ತಾಳೆ.

ನನ್ನ ಮೇಲೆ ಅನುಮಾನವಿದ್ದರೆ ಬೈದು ಹೇಳು. ಬೇರೆ ಯಾರು ಹೇಳಿದರೂ ಅದು ಜಗಳವಾಗುತ್ತದೆ. ನೀನು ಹೇಳಿದರೆ ಮಾತ್ರ ಕೇಳಿಸಿಕೊಳ್ಳಬಲ್ಲೆ. ಅದಕ್ಕೇ ಅಲ್ಲವೇ ನಿಮ್ಮನ್ನು ಇಟ್ಟುಕೊಂಡಿರುವುದು?

ಚೆಂಗೆತಾಯಿ

*

ಬುಲಾವಾಯೊ
20 ಸೆಪ್ಟೆಂಬರ್ 1998

ಏ ಚಿಹೆರಾ, ಏ ಮೊಂಡು ಹಸುವೇ,

ಬೈ ಎಂದೆಯಲ್ಲ, ತಗೋ.

ಇದರೊಳಗೆ ಒಂದು ಫೋಟೋ ಇಟ್ಟಿದ್ದೇನೆ. ಮೊದಲು ಅದನ್ನು ನೋಡಿ ಆಮೇಲೆ ಮುಂದೆ ಓದು. ಮಾರ್ಚಿನಲ್ಲಿ ಜೈರೋಸಿಯ ಜೊತೆ ಬಂದಿದ್ದ ಜರ್ಮನಿಯ ಹೆಂಗಸು ಹೇಳಿದ್ದಕ್ಕಿಂತ ಬೇಗ ಗುಡ್ಡ ಹತ್ತಿ ತೆಗೆದದ್ದು. ತನ್ನ ದೇಶಕ್ಕೆ ಹೋಗಿ ಅಂಚೆಯಲ್ಲಿ ಅವನಿಗೆ ಕಳಿಸಿದಳು. ಅದು ಅವನ ಕೈಗೆ ಬಂದದ್ದು ನೀವು ಅವನನ್ನು ಮರದ ಕೆಳಗೆ ನಿಲ್ಲಿಸಿ ಕಳ್ಳ ಎಂದ ಮೇಲೆ. ಅವನು ಅದನ್ನು ಮುಖ್ಯಸ್ಥನಿಗೆ ತೋರಿಸಬಹುದಿತ್ತು. ತೋರಿಸಲಿಲ್ಲ, ನನಗೆ ತಂದು ಕೊಟ್ಟ. "ಮಾವ, ಇದನ್ನ ನೀವೇ ಅವರಿಗೆ ಹೇಳ್ಬೇಕು, ನಾನಲ್ಲ" ಎಂದ.

ಫೋಟೋದಲ್ಲಿ ಯಾರಿದ್ದಾರೆ? ಹಳದಿ ಬಟ್ಟೆ ಸುತ್ತಿಕೊಂಡ ಒಂದು ಮುದಿ ಹಸು. ಕಾಲ ಬಳಿ ಬಕೆಟ್. ಕೈಯಲ್ಲಿ ಒದ್ದೆ ಬಟ್ಟೆ. ಮೋಫುವಿನ ಮುಖ ಒರೆಸುತ್ತಿದೆ, ಮಗುವಿನ ಮೂಗು ಒರೆಸಿದ ಹಾಗೆ. ನಗುತ್ತಲೂ ಇದೆ!

ಕಳ್ಳನನ್ನು ಹಿಡಿದಾಯಿತು, ಚಿಹೆರಾ. ನೀನೇ. ನೀರು ಬಿದ್ದಾಗ ಬಣ್ಣ ಎದ್ದು ಕಾಣುತ್ತದೆ ನಿಜ. ಆದರೆ ಪ್ರತಿ ಸಲ ಒಂದಿಷ್ಟು ಬಣ್ಣ ನೀರಿನ ಜೊತೆ ಇಳಿದು ಹೋಗುತ್ತದೆ. ಬಂಡೆಯ ಒಳಗಿನ ಉಪ್ಪು ಮೇಲೆ ಬಂದು ಬಿಳಿ ಪೊರೆ ಕಟ್ಟುತ್ತದೆ. ಬಟ್ಟೆ ಉಳಿದದ್ದನ್ನು ತಿಕ್ಕಿ ತೆಗೆಯುತ್ತದೆ. ಬರೀ ತಲೆ ಯಾಕೆ ಹೋಯಿತು ಎಂದು ಕೇಳಿದ್ದೆಯಲ್ಲ? ನೀನು ತೊಳೆಯುವುದು ಬರೀ ಮುಖವನ್ನು. ಜೈರೋಸಿಯನ್ನು ಓಡಿಸಿದ ಮೇಲೆ ಜನ ಹೆಚ್ಚು ಬಂದರು, ನೀನು ಹೆಚ್ಚು ತೊಳೆದೆ. ಅದಕ್ಕೇ ಕಣ್ಣು ಹೋಯಿತು.

ಇನ್ನೊಂದು ಹೇಳಿಬಿಡುತ್ತೇನೆ. ಹಳೆಯ ಪ್ರತಿಯನ್ನೂ ಬಂಡೆಯನ್ನೂ ಹೋಲಿಸಿ ವರದಿ ಬರೆದುಕೊಡಿ ಎಂದು ಕಚೇರಿಯವರು ಮೇ ತಿಂಗಳಲ್ಲೇ ನನ್ನನ್ನು ಕೇಳಿದ್ದರು. ನಿನಗೆ ಹೇಳಲಿಲ್ಲ. ಬೀಗದ ಕೈ ನಿನ್ನ ಬಳಿ ಇರಬೇಕೋ ಬೇಡವೋ ಎಂಬುದು ನಾನು ಬರೆಯುವುದರ ಮೇಲೆ ನಿಂತಿದೆ.

ಇಷ್ಟು ಬೈದೆ. ಸಾಲದಿದ್ದರೆ ಹೇಳು.

ಗಿಡಿಯೋನಿ

*

ಚಿಂಗೋಮಾ
4 ಅಕ್ಟೋಬರ್ 1998

ಸೊಕೊ,

ಪತ್ರ ಓದಿ ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ಬಿಸಿಲು ಚೆನ್ನಾಗಿ ಏರಿದ ಮೇಲೆ ಗುಡ್ಡ ಹತ್ತಿದೆ. ಬರಿಗೈಯಲ್ಲಿ ಹತ್ತಿದ್ದು ಅದೇ ಮೊದಲು. ಬಂಡೆಯ ಮುಂದೆ ಕೂತೆ. ಮನೆಗೆ ಜನ ಬರುತ್ತಾರೆಂದರೆ ಅಂಗಳ ಗುಡಿಸುತ್ತೇವೆ, ನೀರು ಚಿಮುಕಿಸುತ್ತೇವೆ, ಹಿರಿಯರ ಮುಖ ತೊಳೆಸಿ ಕೂರಿಸುತ್ತೇವೆ. ಹಾಗೆ ಮಾಡದವಳನ್ನು ಹೆಂಗಸೆಂದು ಯಾರು ಕರೆಯುತ್ತಾರೆ? ನಾನೂ ಅದನ್ನೇ ಮಾಡಿದೆ. ನಮ್ಮ ಹಿರಿಯನ ಮುಖ ಧೂಳಲ್ಲಿರುವಾಗ ದೂರದಿಂದ ಬಂದವರಿಗೆ ಹೇಗೆ ತೋರಿಸಲಿ ಎಂದು. ನನ್ನ ಕೈಯನ್ನು ಕತ್ತರಿಸಿ ಹಾಕಬೇಕೆನಿಸಿತು. ಅತ್ತೆ. ಜೋರಾಗಿಯೇ ಅತ್ತೆ, ಕೇಳಲು ಯಾರೂ ಇರಲಿಲ್ಲ.

ಅತ್ತು ಮುಗಿದ ಮೇಲೆ ಫೋಟೋವನ್ನು ಇನ್ನೊಮ್ಮೆ ತೆಗೆದು ನೋಡಿದೆ. ಹಸುವನ್ನು ನೋಡಿದೆ, ಬಟ್ಟೆಯನ್ನು ನೋಡಿದೆ. ಬಕೆಟ್ ನೋಡಿದೆ.

ಆ ಬಕೆಟ್ ಯಾರದು, ಸೊಕೊ?

ತಗಡಿನ ಬಕೆಟ್, ಹೊಟ್ಟೆಯ ಮೇಲೆ ಬಿಳಿ ಬಣ್ಣದಲ್ಲಿ ನಿಮ್ಮ ಕಚೇರಿಯ ನಂಬರು. ಫೋಟೋದಲ್ಲಿ ಚೆನ್ನಾಗಿ ಕಾಣುತ್ತಿದೆ. ನನಗೆ ಕನ್ನಡಕ ಬೇಡ. ಹದಿನಾಲ್ಕು ವರ್ಷದ ಕೆಳಗೆ ನೀನು ಹಾಳೆ ಹಿಡಿದು ಬಂದೆ. ಒಣಗಿದ ಬಂಡೆಯಲ್ಲಿ ಗೆರೆ ಕಾಣುತ್ತಿಲ್ಲ ಎಂದು ಬೆಳಗಿನಿಂದ ಗೊಣಗಿದೆ. ಆಮೇಲೆ, "ಚಿಹೆರಾ, ಹೊಳೆಯಿಂದ ನೀರು ತಾ, ನಿಮ್ಮಜ್ಜ ನಿದ್ದೆಯಿಂದ ಏಳ್ಲಿ" ಎಂದೆ. ನಾನು ಹೊತ್ತು ತಂದೆ, ನೀನು ಎರಚಿದೆ. ಅವನು ಕೆಂಪಗೆ ಎದ್ದು ಬಂದ. ಅಷ್ಟು ಚೆಂದ ಅವನನ್ನು ನಾನು ಎಂದೂ ನೋಡಿರಲಿಲ್ಲ, ಕೈಮುಗಿದುಬಿಟ್ಟೆ. ನೀನು ಹೋಗುವ ದಿನ ಬಕೆಟ್ಟನ್ನು ನನ್ನ ಕೈಗೆ ಕೊಟ್ಟು ಏನೆಂದೆ? "ಜನ ಬಂದಾಗ ನಿಮ್ಮಜ್ಜನ ಮುಖ ತೊಳೆಸು, ಇಲ್ದಿದ್ರೆ ಅವರಿಗೆ ಬರೀ ಕಲ್ಲು ಕಾಣುತ್ತೆ."

ತಮಾಷೆಗೆ ಹೇಳಿದೆಯೇನೋ. ನಿನ್ನ ತಮಾಷೆಯೊಳಗೆ ನಿಜ ಇರುತ್ತದೆ ಎಂದು ನಂಬಿ ಬೆಳೆದವರು ನಾವು.

ನಿನ್ನ ಪತ್ರದಲ್ಲಿ ಹಸು ಇದೆ, ಬಟ್ಟೆ ಇದೆ, ಉಪ್ಪಿದೆ, ವರದಿಯೂ ಇದೆ. ಬಕೆಟ್ ಕೊಟ್ಟವನು ಮಾತ್ರ ಇಲ್ಲ. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ನಾನು ಜೈರೋಸಿಯ ಬಾಯಿಗೆ ಒರೆಸಿದೆ, ತಿಳಿಯದೆ. ನೀನು ನನ್ನ ಬಾಯಿಗೆ ಒರೆಸುತ್ತಿದ್ದೀಯ, ತಿಳಿದು. ವರದಿಯಲ್ಲಿ ಏನು ಬೇಕಾದರೂ ಬರೆದುಕೋ.

ಚೆಂಗೆತಾಯಿ

*

ಬುಲಾವಾಯೊ
18 ಅಕ್ಟೋಬರ್ 1998

ಚಿಹೆರಾ,

ಫೋಟೋ ನೋಡಿದ ಕ್ಷಣ ನಾನು ಮೊದಲು ನೋಡಿದ್ದು ನಿನ್ನನ್ನಲ್ಲ, ಬಕೆಟ್ಟನ್ನು.

ಜುಲೈಯಲ್ಲಿ ಬೈಯಲು ಬಾಯಿ ಬರಲಿಲ್ಲವಲ್ಲ, ಅದು ನಿನ್ನ ಮೇಲಿನ ಅನುಮಾನದಿಂದಲ್ಲ. ನನ್ನ ಗುಟ್ಟು ಹೊರಬೀಳುವ ಭಯದಿಂದ. ನೀರು ಹಾಕಬಾರದೆಂದು ನನಗೆ ಆಗಲೇ ಗೊತ್ತಿತ್ತು. ಕಚೇರಿಯಲ್ಲಿ ಹೇಳಿಕೊಟ್ಟಿದ್ದರು. ಆದರೆ ಎರಡು ದಿನದ ಕೆಲಸ ಅರ್ಧ ದಿನದಲ್ಲಿ ಮುಗಿಯಿತು. ಆ ಪ್ರತಿ ಎಷ್ಟು ಚೆನ್ನಾಗಿ ಬಂತೆಂದರೆ ಅದಕ್ಕೇ ನನಗೆ ಬಡ್ತಿ ಸಿಕ್ಕಿತು. ಇವತ್ತಿಗೂ ಕಚೇರಿಯ ಗೋಡೆಯಲ್ಲಿ ನನ್ನ ಹೆಸರಿನ ಜೊತೆ ತೂಗುತ್ತಿದೆ. ನೀನು ಬರೆಯುವ ಉತ್ತರದಲ್ಲಿ ನನ್ನ ಹೆಸರು ಬರುತ್ತದೋ ಇಲ್ಲವೋ ನೋಡಲೆಂದೇ ಆ ಮೂರು ಪ್ರಶ್ನೆ ಕೇಳಿದೆ. ಬರಲಿಲ್ಲ. ನಿನಗೆ ಮರೆತುಹೋಗಿದೆ ಎಂದುಕೊಂಡೆ. ನಾಚಿಕೆಯಾಗುತ್ತದೆ, ಆದರೆ ನಿಜ: ಸಂತೋಷಪಟ್ಟೆ.

ವರದಿ ಕಳಿಸಿದ್ದೇನೆ. ಮೊದಲ ಸಾಲೇ ಹೀಗಿದೆ: "ಈ ಚಿತ್ರಕ್ಕೆ ಮೊದಲು ನೀರೆರಚಿದವನು ನಾನು. ಕಾವಲುಗಾರ್ತಿಗೆ ಹಾಗೆ ಮಾಡಲು ಕಲಿಸಿದವನೂ ನಾನು." ಜೈರೋಸಿಯ ಹೆಸರನ್ನೂ ಬರೆದು, ಅವನದೇನೂ ತಪ್ಪಿಲ್ಲವೆಂದು ಸಹಿ ಹಾಕಿದ್ದೇನೆ. ಅದರ ನಕಲನ್ನು ನಿಮ್ಮ ಮುಖ್ಯಸ್ಥನಿಗೂ ಕಳಿಸಿದ್ದೇನೆ. ಕಚೇರಿಯವರಿಗೆ, ಗೋಡೆಯಿಂದ ನನ್ನ ಪ್ರತಿ ಇಳಿಸಬೇಡಿ ಎಂದೆ. ಕಿವಿ, ಕಣ್ಣು, ಮೂತಿ ಈಗ ಉಳಿದಿರುವುದು ಅದರಲ್ಲಿ ಮಾತ್ರ. ಆದರೆ ಹೆಸರು ಅಳಿಸಿ ಎಂದೆ.

ಬೈಗುಳ ಈ ಸಲವೂ ಬರುತ್ತಿಲ್ಲ. ನೀನೇ ಬೈ.

ಗಿಡಿಯೋನಿ

*

ಚಿಂಗೋಮಾ
8 ನವೆಂಬರ್ 1998

ಹುಳುಕು ಹಲ್ಲಿನ, ಮೊಸರು ಮೆತ್ತಿದ ಮೂತಿಯ ಕೋತಿಗೆ,

ನೀನು ಚೆನ್ನಾಗಿದ್ದರೆ ನಾನೂ ಚೆನ್ನಾಗಿದ್ದೇನೆ. ಚೆನ್ನಾಗಿರು, ಇನ್ನೂ ಬಹಳ ಬೈಯುವುದಿದೆ. ಕೋಪ ಹೋಗಿಲ್ಲ. ಹೋಗುತ್ತದೆಂದು ಸುಳ್ಳು ಹೇಳಲಾರೆ.

ಕಚೇರಿಯವಳು ಬಂದಿದ್ದಳು. ಈ ಸಲ ಚಹಾ ಕುಡಿದಳು. ಬಂಡೆಯ ಮುಂದೆ ಮೂರು ಹೆಜ್ಜೆ ದೂರಕ್ಕೆ ಹಗ್ಗ ಕಟ್ಟಿಸಿದ್ದಾಳೆ. ಹಗ್ಗ ದಾಟಿ ಯಾರೂ ಹೋಗಕೂಡದು, ನಾನೂ ಸೇರಿ. ಬೀಗದ ಕೈ ಒಂದು ವರ್ಷ ನನ್ನ ಬಳಿ ಇರಲಿ, ಆಮೇಲೆ ನೋಡೋಣ ಎಂದಳು. ನನ್ನ ಗವಿಯಲ್ಲಿ ನಾನೇ ಹೊರಗಿನವಳ ಹಾಗೆ ಹಗ್ಗದ ಈಚೆ ನಿಲ್ಲುತ್ತೇನೆ. ಕೈ ತಾನಾಗಿ ಮುಂದಕ್ಕೆ ಹೋಗುತ್ತದೆ. ಸೆರಗಿನೊಳಗೆ ಕಟ್ಟಿಟ್ಟುಕೊಳ್ಳುತ್ತೇನೆ.

ಜೈರೋಸಿಗೆ ಕೊಡಲು ಒಂದು ಆಡು ಹೊಡೆದುಕೊಂಡು ಹೋದೆ. ಊರು ಸೇರಿದ ಅದೇ ಮರದ ಕೆಳಗೆ, ಮುಖ್ಯಸ್ಥನ ಮುಂದೆ, ನೆಲದ ಮೇಲೆ ಕೂತು ಕೈ ತಟ್ಟಿ, "ಕಳ್ಳ ಅಂದಿದ್ದು ತಪ್ಪಾಯ್ತು, ತಪ್ಪು ನನ್ನದು" ಎಂದೆ. ಅವನ ಹೆಂಡತಿ ಆಡಿನ ಹಗ್ಗ ತೆಗೆದುಕೊಂಡು ಬೆನ್ನು ತಿರುಗಿಸಿ ಹೋದಳು. ಅವಳಿಗೆ ಹಕ್ಕಿದೆ. ಜೈರೋಸಿ ಮಾತ್ರ, "ಏಳಮ್ಮ, ಮಂಡಿ ಹಿಡ್ಕೊಂಡ್ರೆ ಗುಡ್ಡ ಯಾರು ಹತ್ತೋದು?" ಎಂದು ಕೈ ಹಿಡಿದು ಎಬ್ಬಿಸಿದ.

ಬಕೆಟ್ಟನ್ನು ಎಸೆದಿಲ್ಲ. ಅಟ್ಟದ ಮೇಲೆ ಬೋರಲು ಹಾಕಿಟ್ಟಿದ್ದೇನೆ. ನಾನು ಸತ್ತ ದಿನ ಹಳದಿ ಬಟ್ಟೆ ಸುತ್ತಿಕೊಂಡು ನನ್ನ ಅಣಕ ಮಾಡಲು ಬರುತ್ತೀಯಲ್ಲ, ಆಗ ಅದನ್ನು ಕೈಯಲ್ಲಿ ಹಿಡಿದುಕೊಂಡೇ ಬರಬೇಕು. ಕುಂಟುವುದೊಂದನ್ನೇ ತೋರಿಸಿ ಜನರನ್ನು ನಗಿಸಿ ಹೋಗುವಂತಿಲ್ಲ. ಬಕೆಟ್ ಯಾರು ಕೊಟ್ಟದ್ದೆಂದೂ ಅಂದು ನೀನೇ ಹೇಳಬೇಕು.

ನಿನ್ನೆ ಜೈರೋಸಿಯ ವ್ಯಾನು ಬಂತು. ಗ್ವೆರು ಪಟ್ಟಣದ ಹತ್ತು ಜನ ನರ್ಸಮ್ಮಂದಿರು. ಕಲ್ಲುಗೋಡೆಯ ಬಾಗಿಲಲ್ಲಿ ಅವನೇ ಎಲ್ಲರನ್ನೂ ನಿಲ್ಲಿಸಿ ಚಪ್ಪಾಳೆ ತಟ್ಟಿಸಿದ. ಗವಿಗೆ ಬಂದರು. "ಏನೂ ಕಾಣ್ತಿಲ್ವಲ್ಲ" ಎಂದರು. ನನ್ನ ಕೈ ಸೆರಗಿನೊಳಗೆ ಒದ್ದಾಡಿತು. ಕೂತ್ಕೊಳ್ಳಿ ಎಂದೆ. ಕೂತರು, ಪಿಸುಗುಟ್ಟಿದರು, ಸುಮ್ಮನಾದರು. ಹೊರಗಿನ ಬಿಸಿಲು ಕಣ್ಣಿಂದ ಇಳಿಯಲು ಬಹಳ ಹೊತ್ತು ಬೇಕು. ಹದಿನಾಲ್ಕು ವರ್ಷ ಯಾರನ್ನೂ ನಾನು ಅಷ್ಟು ಹೊತ್ತು ಕೂರಿಸಿರಲಿಲ್ಲ. ಆಮೇಲೆ ಒಬ್ಬಳು ಬಾಲ ಕಂಡಿತು ಎಂದಳು. ಇನ್ನೊಬ್ಬಳು ಬೆನ್ನು ಎಂದಳು. ಒಬ್ಬೊಬ್ಬರಾಗಿ ಎಲ್ಲರಿಗೂ ಕಂಡಿತು, ನೀರಿಲ್ಲದೆಯೇ.

ಹಿರಿಯಳೊಬ್ಬಳು ಹಗ್ಗದ ತನಕ ಬಂದು ಬಗ್ಗಿ ನೋಡಿ, "ಅಮ್ಮ, ಇದರ ತಲೆ ಎಲ್ಲಿ?" ಎಂದು ಕೇಳಿದಳು.

ಜೈರೋಸಿ ನನ್ನ ಮುಖ ನೋಡಿ, ಬೇಗ ಬೇಗ, "ಹಳೇದಲ್ವಾ ಅಕ್ಕ, ಬಿಸಿಲು, ಗಾಳಿ, ಮಾಸಿಹೋಗಿದೆ" ಎಂದ.

"ಸುಮ್ನಿರಪ್ಪ" ಎಂದೆ. "ಬಿಸಿಲಲ್ಲ, ಗಾಳಿಯಲ್ಲ. ಜನ ಬರ್ತಾರೆ ಅಂತ ನಾನೇ ತೊಳೆದುಬಿಟ್ಟೆ."

ಚೆಂಗೆತಾಯಿ